ಬೇರಿನ ಕಬ್ಬಿಣ, ಮಣ್ಣಿನ ಕಬ್ಬಿಣ

ಅಶ್ವಗಂಧದ ಬೇರಿನಲ್ಲಿ ಕಬ್ಬಿಣ ಇಷ್ಟು, ಸತು ಇಷ್ಟು ಎನ್ನುವ ಕೋಷ್ಟಕಗಳಿಗೆ ಸಿಗುತ್ತಿರುವ ಮರ್ಯಾದೆ ಅತಿಯಾಯಿತು. ಗ್ರಂಥಿಗೆ ಅಂಗಡಿಯಿಂದ ಬೇರು ತಂದು, ಪುಡಿ ಮಾಡಿ, ಯಂತ್ರಕ್ಕೆ ಕೊಟ್ಟು, ಬಂದ ಅಂಕಿಗಳಿಗೆ ‘ಖನಿಜಗಳ ಆಗರ’ ಎಂಬ ತೀರ್ಮಾನ ಅಂಟಿಸುವ ಪದ್ಧತಿ ಇದು. ಬೇರು ಯಾವ ಹೊಲದ್ದು, ಮಣ್ಣಿನ ರಸಸಾರ ಎಷ್ಟು, ಗಿಡ ಎಷ್ಟು ತಿಂಗಳಿನದು, ಬೇರನ್ನು ಹೇಗೆ ತೊಳೆದರು, ಇವು ಯಾವುವೂ ಅದರಲ್ಲಿರುವುದಿಲ್ಲ. ಸೀಸ, ಕ್ಯಾಡ್ಮಿಯಂ ಮಿತಿ ಮೀರಿದ್ದನ್ನು ಹಿಡಿಯಲು ಇಂಥ ಪರೀಕ್ಷೆ ಬೇಕೇ ಬೇಕು, ಒಪ್ಪಿದೆ. ಆದರೆ ಪೋಷಣೆಯ ಹೊಗಳಿಕೆಗೆ ಅದು ಆಧಾರವಾಗದು.

ಕಬ್ಬಿಣವೊಂದನ್ನೇ ನೋಡೋಣ. ಒಣಗಿದ ಬೇರು ಮುರಿದರೆ ಒಳಗೆ ಹಿಟ್ಟಿನಂಥ ಬಿಳುಪು. ಹೊರಸಿಪ್ಪೆಯ ಉದ್ದುದ್ದ ಸುಕ್ಕುಗಳಲ್ಲಿ ಮಣ್ಣು. ನೀರಿನಲ್ಲಿ ಒಮ್ಮೆ ಅದ್ದಿ ತೆಗೆದರೆ ಅದು ಹೋಗುವುದಿಲ್ಲ, ಉಗುರಿನಿಂದ ಕೆರೆಯಬೇಕು. ಹೊಲದ ಕೆಮ್ಮಣ್ಣಿನಲ್ಲಿ ಶೇ. 4ರಷ್ಟು ಕಬ್ಬಿಣವಿದೆ ಎಂದಿಟ್ಟುಕೊಳ್ಳಿ. 100 ಗ್ರಾಂ ಪುಡಿಯಲ್ಲಿ ಆ ಮಣ್ಣು 1 ಗ್ರಾಂ ಉಳಿದರೆ ಸಾಕು, 40 ಮಿಲಿಗ್ರಾಂ ಕಬ್ಬಿಣ ಸೇರಿತು, ಕಿಲೋಗೆ 400. ಗಿಡ ಹೀರಿದ್ದೆಷ್ಟು, ಕೊಳೆ ತಂದದ್ದೆಷ್ಟು? ಕೋಷ್ಟಕ ಹೇಳದು. ಹೇಳುವ ಪರೀಕ್ಷೆ ಹಳೆಯದು, ಅಗ್ಗದ್ದು: ಬೇರು ಸುಟ್ಟ ಬೂದಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿ, ಕರಗದೆ ಉಳಿದ ಮರಳನ್ನು ತೂಗುವುದು. ಭಾರತೀಯ ಆಯುರ್ವೇದ ಫಾರ್ಮಕೋಪಿಯಾ ಅಶ್ವಗಂಧಕ್ಕೆ ಈ ಶೇಷದ ಮಿತಿಯನ್ನೂ ಗೊತ್ತು ಮಾಡಿದೆ. ಕಬ್ಬಿಣದ ಪಕ್ಕದಲ್ಲಿ ಆ ಅಂಕಿಯನ್ನು ಕೊಡದವರನ್ನು ನಂಬುವುದು ಹೇಗೆ? ಅಷ್ಟೂ ಕಬ್ಬಿಣ ಬೇರಿನದೇ ಎಂದುಕೊಂಡರೂ, ದಿನಕ್ಕೆ 5 ಗ್ರಾಂ ಪುಡಿಯಲ್ಲಿ ಸಿಗುವುದು 2 ಮಿಲಿಗ್ರಾಂ. ಐಸಿಎಂಆರ್ 2020ರಲ್ಲಿ ಹೆಂಗಸರಿಗೆ ಹೇಳಿದ ಪ್ರಮಾಣ 29 ಮಿಲಿಗ್ರಾಂ.

ಇಂಥ ಕೋಷ್ಟಕ ಹಿಡಿದು ‘ಚರಕನ ಮಾತು ಸಾಬೀತಾಯಿತು’ ಎನ್ನುವವರೊಂದಿಗೆ ನನ್ನ ಜಗಳ ಇನ್ನೂ ದೊಡ್ಡದು. ಚರಕ ಸಂಹಿತೆಯ ಕಲ್ಪಸ್ಥಾನ ಶುರುವಿನಲ್ಲೇ ಜಾಂಗಲ, ಆನೂಪ, ಸಾಧಾರಣ ಎಂದು ನೆಲವನ್ನು ವಿಂಗಡಿಸಿ, ಬೇರನ್ನು ಗ್ರೀಷ್ಮದಲ್ಲೋ ಶಿಶಿರದಲ್ಲೋ ತೆಗೆಯಲು ಹೇಳುತ್ತದೆ. ನೆಲವನ್ನೂ ಋತುವನ್ನೂ ಬರೆದಿಡದ ಅಂಕಿ ಆ ಮಾತನ್ನು ಸಾಬೀತು ಮಾಡುವುದಿರಲಿ, ಮುಟ್ಟಿಯೂ ಇಲ್ಲ. ಆ ಅಧ್ಯಾಯವನ್ನು ಬರೀ ವರ್ಣನೆ ಎಂದು ತಳ್ಳುವ ವಿಮರ್ಶಕರದ್ದೂ ಅವಸರವೇ. ಹುಳಿ ಮಣ್ಣಿನಲ್ಲಿ ಮ್ಯಾಂಗನೀಸ್ ಕರಗಿ ಬೇರಿಗೆ ಧಾರಾಳವಾಗಿ ಸಿಗುತ್ತದೆ. ಸುಣ್ಣದ ಮಣ್ಣಿನಲ್ಲಿ ಕಬ್ಬಿಣ, ಸತು ಇದ್ದೂ ಗಿಡಕ್ಕೆ ದಕ್ಕುವುದಿಲ್ಲ. ನೆಲ ಕೇಳಿ ಬೇರು ತೆಗೆ ಎಂದವರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು.

ಬೇರು ಕೀಳುವವರು ಅದೇ ಗುಂಡಿಯ ಒಂದು ಹಿಡಿ ಮಣ್ಣನ್ನೂ ಚೀಲಕ್ಕೆ ಹಾಕಿಕೊಂಡು ಬರಲಿ. ಎರಡನ್ನೂ ಅಳೆದ ಮೇಲೆ ಕೋಷ್ಟಕ ಬರೆಯಲಿ.