ಚೌಕಟ್ಟಿಗೆ ಚೌಕಟ್ಟು ಹೊಂದಿದರೆ ಸಾಕೇ?

ಇಷ್ಟದ ಕಾದಂಬರಿಯೋ ಕಾಮಿಕ್ಸೋ ಸಿನಿಮಾ ಆಗುತ್ತಿದೆ ಎಂಬ ಸುದ್ದಿ ಬಂದ ಕೂಡಲೇ ಅಭಿಮಾನಿಗಳ ವಲಯದಲ್ಲಿ ಒಂದು ಕೆಲಸ ಶುರುವಾಗುತ್ತದೆ. ಟ್ರೈಲರ್ ಬಂದ ದಿನವೇ ಅದನ್ನು ಅಲ್ಲಲ್ಲಿ ನಿಲ್ಲಿಸಿ, ಎಡಕ್ಕೆ ಪುಸ್ತಕದ ಪುಟ, ಬಲಕ್ಕೆ ಸಿನಿಮಾದ ದೃಶ್ಯ ಇಟ್ಟು ತಾಳೆ ನೋಡಲಾಗುತ್ತದೆ. ಉಡುಪಿನ ಬಣ್ಣ ಸರಿಯಿದೆಯೇ, ಆ ಮಾತು ಉಳಿದಿದೆಯೇ, ಆ ಪಾತ್ರಕ್ಕೆ ಈ ನಟ ಒಪ್ಪುತ್ತಾನೆಯೇ? ಸಾಹಿತ್ಯ ವಿಭಾಗಗಳಲ್ಲಿ ಇದನ್ನು ಹುಡುಗಾಟವೆಂದು ತಳ್ಳಿಹಾಕುವುದು ರೂಢಿ. ನನಗೆ ಹಾಗನ್ನಿಸುವುದಿಲ್ಲ. ಒಂದು ಪುಟವನ್ನು ಇಷ್ಟು ಗಮನವಿಟ್ಟು ನೋಡುವ ಓದುಗರು ನಾವು ಗಂಭೀರವೆಂದು ಕರೆಯುವ ಸಾಹಿತ್ಯಕ್ಕೂ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಆದರೆ ಈ ತಾಳೆ ನೋಡುವ ಕ್ರಮದಲ್ಲಿ ಒಂದು ತೊಡಕಿದೆ. ಅದು ಕೃತಿಯಲ್ಲಿ ಏನೇನಿದೆ ಎಂದು ಎಣಿಸುತ್ತದೆ, ಕೃತಿ ಏನು ಮಾಡುತ್ತದೆ ಎಂದು ಕೇಳುವುದಿಲ್ಲ. ಈ ಎರಡು ಪ್ರಶ್ನೆಗಳ ನಡುವಿನ ಅಂತರವನ್ನು ಒಂದೆರಡು ಉದಾಹರಣೆಗಳಲ್ಲಿ ನೋಡಬಹುದು.

ಮೊದಲಿಗೆ 'ವಾಚ್‌ಮೆನ್'. ಅಲನ್ ಮೂರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರಿಸಿದ ಈ ಕಾಮಿಕ್ಸ್ 1986-87ರಲ್ಲಿ 12 ಸಂಚಿಕೆಗಳಲ್ಲಿ ಬಂತು. ಮುಖವಾಡ ತೊಟ್ಟು ಅಪರಾಧಿಗಳನ್ನು ಬಡಿಯಲು ಹೊರಡುವವರು ನಿಜಕ್ಕೂ ಎಂಥ ಮನುಷ್ಯರಾಗಿರಬಹುದು ಎಂಬುದು ಅದರ ಪ್ರಶ್ನೆ. ಉತ್ತರ ಹಿತವಾದದ್ದಲ್ಲ. ಅದರ ವೀರರಲ್ಲಿ ಒಬ್ಬನಿಗೆ ಹೊಟ್ಟೆ ಬಂದಿದೆ, ಒಬ್ಬ ಅತ್ಯಾಚಾರಕ್ಕೆ ಕೈಹಾಕಿದವನು, ಇನ್ನೊಬ್ಬ ಲೋಕವನ್ನು ಉಳಿಸಲೆಂದು ಲಕ್ಷಾಂತರ ಜನರನ್ನು ಕೊಲ್ಲಲು ಸಿದ್ಧ. ಬಹುಪಾಲು ಪುಟಗಳು ಒಂಬತ್ತು ಚೌಕಗಳ ಒಂದೇ ಜಾಲದ ಮೇಲೆ ನಿಂತಿವೆ. ಐದನೆಯ ಅಧ್ಯಾಯದಲ್ಲಂತೂ ಮೊದಲ ಪುಟದ ವಿನ್ಯಾಸಕ್ಕೆ ಕೊನೆಯ ಪುಟ, ಎರಡನೆಯದಕ್ಕೆ ಅದರ ಹಿಂದಿನ ಪುಟ ಹೀಗೆ ಇಡೀ ಅಧ್ಯಾಯವೇ ಕನ್ನಡಿಯ ಬಿಂಬದಂತೆ ಮಡಚಿಕೊಳ್ಳುತ್ತದೆ. ಓದುಗರು ಹಿಂದಕ್ಕೂ ಮುಂದಕ್ಕೂ ಪುಟ ತಿರುವಿದರೆ ಮಾತ್ರ ಕಾಣುವ ರಚನೆ ಇದು. ಕಾಮಿಕ್ಸಿನಲ್ಲಿ ಕಾಲ ಓದುಗರ ಕೈಯಲ್ಲಿರುತ್ತದೆ, ಚಿತ್ರಮಂದಿರದಲ್ಲಿ ನಿರ್ದೇಶಕರ ಕೈಯಲ್ಲಿ.

ಝ್ಯಾಕ್ ಸ್ನೈಡರ್ 2009ರಲ್ಲಿ ಇದನ್ನು ಸಿನಿಮಾ ಮಾಡಿದಾಗ ಅಭಿಮಾನಿಗಳ ತಾಳೆಪಟ್ಟಿಗೆ ಸಂಭ್ರಮವೋ ಸಂಭ್ರಮ. ಎಷ್ಟೋ ದೃಶ್ಯಗಳು ಗಿಬ್ಬನ್ಸ್ ಅವರ ಚೌಕಗಳಿಂದ ಎತ್ತಿಟ್ಟಂತಿವೆ. ಕೊನೆಯಲ್ಲಿ ನಗರದ ಮೇಲೆ ಬಂದು ಬೀಳುವ ದೈತ್ಯ ಪ್ರಾಣಿಯನ್ನು ಕೈಬಿಟ್ಟು, ವಿನಾಶದ ಹೊಣೆಯನ್ನು ಡಾಕ್ಟರ್ ಮ್ಯಾನ್‌ಹಟನ್ ತಲೆಗೆ ಕಟ್ಟಿದ್ದಕ್ಕೆ ದೊಡ್ಡ ಜಗಳವೇ ಆಯಿತು. ನನಗೆ ಆ ಬದಲಾವಣೆ ಅಷ್ಟು ದೊಡ್ಡ ದ್ರೋಹವಾಗಿ ಕಾಣುವುದಿಲ್ಲ. ನಿಜವಾದ ದ್ರೋಹ ನಡೆದದ್ದು ಯಾರೂ ತಕರಾರು ಮಾಡದೆ ಮೆಚ್ಚಿಕೊಂಡ ಕಡೆ. ಸ್ನೈಡರ್ ಹೊಡೆದಾಟಗಳನ್ನು ನಿಧಾನಗತಿಯಲ್ಲಿ ತೋರಿಸುತ್ತಾರೆ. ಚಲಿಸುವ ಚಿತ್ರದೊಳಕ್ಕೆ ಕಾಮಿಕ್ಸಿನ ನಿಶ್ಚಲ ಚೌಕವನ್ನು ತರುವ ಪ್ರಯತ್ನ ಅದು. ಆದರೆ ನಿಧಾನವಾದ ಹೊಡೆತ ಚೆಲುವಾಗಿ ಕಾಣುತ್ತದೆ. ಪುಸ್ತಕದಲ್ಲಿ ಹಿಂಸೆ ಒರಟು, ನೋಡುವವರಿಗೆ ಮುಜುಗರ ತರುವಂಥದ್ದು. ಸಿನಿಮಾದಲ್ಲಿ ಅದೇ ಗಲ್ಲಿಯ ಅದೇ ಹೊಡೆದಾಟ ನೃತ್ಯವಾಗುತ್ತದೆ. ಯಾರನ್ನು ಕಂಡು ಹೆದರಬೇಕೆಂದು ಪುಸ್ತಕ ಹೇಳಿತ್ತೋ ಅವರಿಗೇ ಸಿನಿಮಾ ಶಿಳ್ಳೆ ಹೊಡೆಸುತ್ತದೆ. ಚೌಕಟ್ಟಿಗೆ ಚೌಕಟ್ಟು ಹೊಂದಿತು, ಅರ್ಥ ಮಗುಚಿಬಿತ್ತು.

ಇದೇ ಸಿನಿಮಾದ ಅತ್ಯುತ್ತಮ ಭಾಗ ಅದರ ಆರಂಭದ ಶೀರ್ಷಿಕೆಗಳು. ಬಾಬ್ ಡಿಲನ್ ಹಾಡಿನ ಹಿನ್ನೆಲೆಯಲ್ಲಿ ಮುಖವಾಡದ ವೀರರ ಹಲವು ದಶಕಗಳ ಚರಿತ್ರೆ, ಅವರ ಏಳುಬೀಳು, ಸಣ್ಣ ಸಣ್ಣ ತುಣುಕುಗಳಲ್ಲಿ ಸಾಗಿಹೋಗುತ್ತದೆ. ಕಾಮಿಕ್ಸಿನಲ್ಲಿ ಈ ಸರಣಿ ಹೀಗೆ ಎಲ್ಲೂ ಇಲ್ಲ. ಅಲ್ಲಿ ಆ ಚರಿತ್ರೆ ಅಧ್ಯಾಯಗಳ ಕೊನೆಯ ಗದ್ಯಭಾಗಗಳಲ್ಲಿ, ಹಳೆಯ ನೆನಪುಗಳಲ್ಲಿ ಹಂಚಿಹೋಗಿದೆ. ಅಂದರೆ ಪುಟವನ್ನು ನಕಲು ಮಾಡುವುದನ್ನು ಬಿಟ್ಟು ಸಿನಿಮಾದ ಭಾಷೆಯಲ್ಲಿ ಯೋಚಿಸಿದ ಕಡೆಯೇ ಸ್ನೈಡರ್ ಮೂಲಕ್ಕೆ ಹೆಚ್ಚು ಹತ್ತಿರ ಬಂದರು. ತಾಳೆಪಟ್ಟಿಯಲ್ಲಿ ಈ ಹತ್ತಿರಕ್ಕೆ ಅಂಕವಿಲ್ಲ.

ಎರಡನೆಯದು 'ಡ್ಯೂನ್'. ಫ್ರಾಂಕ್ ಹರ್ಬರ್ಟ್ ಅವರ ಈ ಕಾದಂಬರಿ 1965ರದು. ಮರುಭೂಮಿಯ ಜನರ ನಡುವೆ ಅವತಾರಪುರುಷನಾಗಿ ಬೆಳೆಯುವ ಪಾಲ್ ಅಟ್ರೇಡಿಸ್‌ನನ್ನು ಓದುಗರು ನಾಯಕನೆಂದೇ ತಲೆಯ ಮೇಲೆ ಹೊತ್ತರು. ಹರ್ಬರ್ಟ್‌ಗೆ ಹೇಳಬೇಕಿದ್ದದ್ದು ಬೇರೆ: ಅವತಾರಪುರುಷರ ಬಗ್ಗೆ ಎಚ್ಚರವಿರಲಿ ಎಂಬುದು. 1969ರ 'ಡ್ಯೂನ್ ಮೆಸ್ಸಾಯ' ಆ ಎಚ್ಚರಿಕೆಯನ್ನು ಇನ್ನಷ್ಟು ಬಿಡಿಸಿ ಹೇಳುತ್ತದೆ. ಡೆನಿ ವಿಲನೋವ್ ಹದಿಹರೆಯದಿಂದಲೇ ಈ ಕಾದಂಬರಿಯ ಅಭಿಮಾನಿ. ಅವರ 2024ರ ಎರಡನೆಯ ಭಾಗದಲ್ಲಿ ಒಂದು ದೊಡ್ಡ ಬದಲಾವಣೆ ಇದೆ. ಕಾದಂಬರಿಯ ಕೊನೆಯಲ್ಲಿ ಪಾಲ್ ರಾಜಕೀಯಕ್ಕಾಗಿ ಚಕ್ರವರ್ತಿಯ ಮಗಳನ್ನು ಮದುವೆಯಾಗುವಾಗ ಚಾನಿ ಅವನ ಜೊತೆಗೇ ಉಳಿಯುತ್ತಾಳೆ. ಸಿನಿಮಾದ ಚಾನಿಗೆ ಈ ಅವತಾರದ ಕಥೆಯಲ್ಲಿ ನಂಬಿಕೆ ಇಲ್ಲ. ಎಲ್ಲರೂ ಮಂಡಿಯೂರುವಾಗ ಅವಳು ಎದ್ದು ಹೊರನಡೆಯುತ್ತಾಳೆ. ಕೊನೆಯ ಚೌಕಟ್ಟು ಗೆದ್ದ ಪಾಲ್‌ನದಲ್ಲ, ಅವಳ ಮುಖದ್ದು.

ತಾಳೆಪಟ್ಟಿಯ ಲೆಕ್ಕದಲ್ಲಿ ಇದು ತಪ್ಪು. ವಿಮರ್ಶೆಯ ಲೆಕ್ಕದಲ್ಲಿ ಇದೊಂದು ಒಳ್ಳೆಯ ಓದು. ಲೇಖಕರು ಇನ್ನೊಂದು ಪುಸ್ತಕ ಬರೆದು ಹೇಳಬೇಕಾದ್ದನ್ನು ವಿಲನೋವ್ ಒಂದು ಪಾತ್ರದ ನೋಟದಲ್ಲಿ ಇಟ್ಟರು. ಅಭಿಮಾನ ಮತ್ತು ವಿಮರ್ಶೆ ಶತ್ರುಗಳೆಂದು ನಂಬುವವರು ಈ ಉದಾಹರಣೆಯನ್ನು ಗಮನಿಸಬೇಕು. ದಶಕಗಳ ಕಾಲ ಒಂದು ಪುಸ್ತಕವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಓಡಾಡಿದವರಿಗೆ ಮಾತ್ರ ಅದನ್ನು ಎಲ್ಲಿ ಮುರಿಯಬೇಕೆಂದು ತಿಳಿದಿರುತ್ತದೆ.

ಕನ್ನಡದಲ್ಲಿ ಕಾದಂಬರಿ ಆಧಾರಿತ ಚಿತ್ರಗಳ ಪರಂಪರೆ ದೊಡ್ಡದು, ಅದರ ಜಗಳಗಳೂ ಹಳೆಯವು. ಪುಟ್ಟಣ್ಣ ಕಣಗಾಲ್ 1972ರಲ್ಲಿ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಬೆಸೆದು 'ನಾಗರಹಾವು' ಮಾಡಿದರು. ಜನ ಮುಗಿಬಿದ್ದು ನೋಡಿದ ಆ ಚಿತ್ರ ಮೂಲ ಲೇಖಕರಿಗೆ ಒಪ್ಪಿಗೆಯಾಗಲಿಲ್ಲ ಎಂಬುದು ಪ್ರಸಿದ್ಧ ಸಂಗತಿ. ಇಂದು ರಾಮಾಚಾರಿ ಎಂದರೆ ವಿಷ್ಣುವರ್ಧನ್ ಮುಖವೇ ಕಣ್ಣಿಗೆ ಬರುತ್ತದೆ. ಕಾದಂಬರಿ ಓದದವರಿಗೆ ಮಾತ್ರವಲ್ಲ, ಓದಿದವರಿಗೂ. ಸಿನಿಮಾ ಪುಸ್ತಕಕ್ಕೆ ಹೊಸ ಓದುಗರನ್ನು ತರುತ್ತದೆ ಎನ್ನುತ್ತೇವೆ. ಓದಿದವರ ಮನಸ್ಸಿನಲ್ಲಿದ್ದ ಮುಖವನ್ನು ಅಳಿಸಿಯೂ ಹಾಕುತ್ತದೆ ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ.

ನಮ್ಮ ಕಾಲದ ಅಭಿಮಾನಕ್ಕೆ ಸರಿಯಾದ ಉದಾಹರಣೆ ಪೂರ್ಣಚಂದ್ರ ತೇಜಸ್ವಿ. 'ಅಬಚೂರಿನ ಪೋಸ್ಟಾಫೀಸು' ಎಂಬ ಒಂದೇ ಸಂಕಲನದ ಕಥೆಗಳಿಂದ ಹಲವು ಚಿತ್ರಗಳು ಬಂದಿವೆ. ಗಿರೀಶ ಕಾಸರವಳ್ಳಿ ಅವರ 'ತಬರನ ಕಥೆ'ಗೂ 2023ರ 'ಡೇರ್‌ಡೆವಿಲ್ ಮುಸ್ತಾಫಾ'ಕ್ಕೂ ಮೂಲ ಅಲ್ಲೇ ಇದೆ. ಶಶಾಂಕ್ ಸೋಗಾಲ್ ನಿರ್ದೇಶಿಸಿದ ಈ ಎರಡನೆಯ ಚಿತ್ರಕ್ಕೆ ಹಣ ಹಾಕಿದವರು ತೇಜಸ್ವಿಯ ಓದುಗರೇ. ಓದುಗರು ಟಿಕೆಟ್ ಕೊಳ್ಳುವವರಾಗಿ ಮಾತ್ರ ಉಳಿಯದೆ ಚಿತ್ರವನ್ನೇ ಹುಟ್ಟಿಸಿದರು. ಆ ಚಿತ್ರದ ಗುಣವೂ ಮಿತಿಯೂ ಇಲ್ಲೇ ಇವೆ. ತೇಜಸ್ವಿಯ ಲವಲವಿಕೆ, ತುಂಟ ನಿರೂಪಣೆ ಅದರಲ್ಲಿ ಜೀವಂತವಾಗಿದೆ. ಆದರೆ ಕಥೆ ತಣ್ಣಗೆ ಹೇಳಿ ಸುಮ್ಮನಾಗುವ ಕಡೆ ಚಿತ್ರ ಕ್ರಿಕೆಟ್ ಪಂದ್ಯದ ರೋಮಾಂಚನದಲ್ಲಿ ಎಲ್ಲರನ್ನೂ ಒಂದುಗೂಡಿಸಿ ಸಮಾಧಾನ ಪಡಿಸುತ್ತದೆ. ಪ್ರೀತಿಯಿಂದ ಮಾಡಿದವರಿಗೆ ಪ್ರೇಕ್ಷಕರನ್ನು ಬೇಸರದಲ್ಲಿ ಮನೆಗೆ ಕಳಿಸಲು ಮನಸ್ಸಾಗುವುದಿಲ್ಲ.

ಈಗ ಎಲ್ಲರ ಕಣ್ಣು 'ಜುಗಾರಿ ಕ್ರಾಸ್' ಮೇಲಿದೆ. ಕನ್ನಡದ ಥ್ರಿಲ್ಲರ್ ಓದುಗರ ಒಂದು ತಲೆಮಾರು ಈ ಸಿನಿಮಾಕ್ಕಾಗಿ ಕಾದಿದೆ. ಟಿ.ಎಸ್. ನಾಗಾಭರಣ ಅವರು ಚಿರಂಜೀವಿ ಸರ್ಜಾ ಜೊತೆ ಮಾಡುತ್ತಾರೆಂದು ಹಿಂದೆ ಸುದ್ದಿಯಾಗಿತ್ತು, ಸರ್ಜಾ 2020ರಲ್ಲಿ ತೀರಿಕೊಂಡರು. 2025ರಲ್ಲಿ ಗುರುದತ್ತ ಗಾಣಿಗ ನಿರ್ದೇಶನದಲ್ಲಿ, ರಾಜ್ ಬಿ. ಶೆಟ್ಟಿ ನಟನೆಯಲ್ಲಿ ಮತ್ತೆ ಘೋಷಣೆಯಾಯಿತು. ಸುರೇಶ ಯಾರು, ಗೌರಿ ಯಾರು, ರೈಲು ಹೇಗೆ ತೋರಿಸುತ್ತಾರೆ ಎಂಬ ಲೆಕ್ಕಾಚಾರ ಆಗಲೇ ಜೋರಾಗಿದೆ. ನನ್ನ ಆತಂಕ ಬೇರೆ. ಏಲಕ್ಕಿ ಬೆಳೆಯುವ ಸಾಧಾರಣ ಗಂಡಹೆಂಡಿರು ತಮಗೆ ಅರಿವಿಲ್ಲದೆ ಕಾಡುಗಳ್ಳರ, ಕಳ್ಳಸಾಗಣೆಯವರ ಜಾಲದಲ್ಲಿ ಸಿಕ್ಕಿಕೊಳ್ಳುವುದು ಆ ಕಾದಂಬರಿಯ ಜೀವಾಳ. ತಮ್ಮ ಸುತ್ತ ಏನು ನಡೆಯುತ್ತಿದೆ ಎಂಬುದು ಅವರಿಗಿಂತ ನಮಗೆ ಹೆಚ್ಚು ಗೊತ್ತಿರುತ್ತದೆ, ಭಯ ಹುಟ್ಟುವುದು ಅಲ್ಲಿಂದ. ಸುರೇಶನನ್ನು ಎಲ್ಲ ಬಲ್ಲ, ಎಲ್ಲರನ್ನೂ ಹೊಡೆಯಬಲ್ಲ ನಾಯಕನನ್ನಾಗಿ ಮಾಡಿದರೆ, ಪ್ರತಿಯೊಂದು ಘಟನೆ ಪುಸ್ತಕದಲ್ಲಿ ಇದ್ದಂತೆಯೇ ಬಂದರೂ ಕಾದಂಬರಿ ಕೈತಪ್ಪಿ ಹೋಗುತ್ತದೆ. 'ವಾಚ್‌ಮೆನ್' ಕಲಿಸಿದ ಪಾಠ ಇದೇ.

ಇದರಲ್ಲಿ ಇನ್ನೊಂದು ಸಂಗತಿ ಅಡಗಿದೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿಂದ ಓದುವ ಚಟ ಹಿಡಿಸಿಕೊಂಡವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ, ನಮ್ಮ ಪಠ್ಯಕ್ರಮಗಳಲ್ಲಿ ಅವರಿಗೆ ಜಾಗವಿಲ್ಲ. ಹಾಗಾಗಿ ಇಷ್ಟದ ಪುಸ್ತಕ ಸಿನಿಮಾ ಆದಾಗ ಅಭಿಮಾನಿಗೆ ಅದೊಂದು ಮನ್ನಣೆಯ ಪತ್ರವಾಗಿ ಕಾಣುತ್ತದೆ: ನೋಡಿ, ನಾನು ಓದುತ್ತಿದ್ದದ್ದು ಸುಮ್ಮನೆ ಹೊತ್ತು ಕಳೆಯುವ ಸರಕಲ್ಲ! ಈ ಆಸೆ ನ್ಯಾಯವಾದದ್ದೇ. ಆದರೆ ಆ ಮನ್ನಣೆಯನ್ನು ಕೊಡಬೇಕಾದವರು ಚಿತ್ರ ನಿರ್ಮಾಪಕರಲ್ಲ, ಓದುಗರಾದ ನಾವು. 'ಜುಗಾರಿ ಕ್ರಾಸ್' ಯಾಕೆ ಅಷ್ಟು ವೇಗವಾಗಿ ಓದಿಸಿಕೊಳ್ಳುತ್ತದೆ, ಆ ವೇಗದೊಳಗೆ ಕಾಡಿನ ಲೂಟಿಯ ಅರ್ಥಶಾಸ್ತ್ರ ಹೇಗೆ ಅಡಗಿದೆ ಎಂದು ಸಿನಿಮಾ ಬರುವ ಮುನ್ನವೇ ಬರೆದಿಡೋಣ. ಆಮೇಲೆ ಯಾರು ಬೇಕಾದರೂ ಯಾವ ಪಾತ್ರವನ್ನಾದರೂ ಮಾಡಲಿ.