ಕಪಿಲೆಯ ಮೆಟ್ಟಿಲು

ನಂಜನಗೂಡಿನ ಸ್ನಾನಘಟ್ಟದಲ್ಲಿ ಬೆಳಗಿನ ಹೊತ್ತು ಕೂತರೆ ನನ್ನ ಕಣ್ಣು ಮೊದಲು ನಿಲ್ಲುವುದು ಮೆಟ್ಟಿಲುಗಳ ಮೇಲೆ. ಬೇಸಿಗೆಯಲ್ಲಿ ಕಪಿಲೆ ಇಳಿದರೆ ಅವೂ ಅವಳ ಹಿಂದೆಯೇ ಇಳಿದುಹೋದಂತೆ ಕಾಣುತ್ತವೆ. ಕಬಿನಿ ಜಲಾಶಯ ತುಂಬಿ ಹೊಳೆ ಏರಿದರೆ ಮೇಲಿನ ಕಲ್ಲು ಕಾದಿರುತ್ತದೆ. ಹರಕೆ ಹೊತ್ತು ಬಂದ ಅಜ್ಜಿ ಪಾದ ಮುಳುಗುವಲ್ಲೇ ನಿಂತು ತಲೆಗೆ ಮೂರು ಬೊಗಸೆ ನೀರು ಹಾಕಿಕೊಳ್ಳುತ್ತಾಳೆ. ಈಜು ಬಲ್ಲ ಹುಡುಗ ಇನ್ನೂ ನಾಲ್ಕು ಮೆಟ್ಟಿಲು ಇಳಿಯುತ್ತಾನೆ. ನೀರು ಎಷ್ಟೇ ಇರಲಿ, ಧೈರ್ಯ ಎಷ್ಟೇ ಇರಲಿ, ಅವರವರ ಕಾಲಿಗೊಂದು ಮೆಟ್ಟಿಲು. ಮನಸ್ಸಿನ ಆರೋಗ್ಯಕ್ಕೆಂದು ಆ್ಯಪ್ ಕಟ್ಟುವವರನ್ನು ಒಮ್ಮೆ ಇಲ್ಲಿ ಕರೆತಂದು ಕೂರಿಸಬೇಕೆಂಬುದು ನನ್ನ ಆಸೆ.

ಇದು ವಾಸಿಯಾಗಲು ಬರುವವರ ಊರು. ಟಿಪ್ಪುವಿನ ಆನೆಯ ಕಣ್ಣು ಇಲ್ಲಿ ಗುಣವಾಯಿತೆಂದೂ, ಆತ ದೇವರನ್ನು ಹಕೀಮ ನಂಜುಂಡನೆಂದು ಕರೆದನೆಂದೂ ಜನ ಹೇಳುತ್ತಾರೆ. ನಂಜನ್ನು ಉಂಡು ಗಂಟಲಲ್ಲೇ ಇಟ್ಟುಕೊಂಡವನು ನಂಜುಂಡ. ಹೇಳಲಾರದ್ದು ಗಂಟಲಲ್ಲಿ ಸಿಕ್ಕಿಕೊಂಡವರಿಗೆ ಈ ದೇವರ ಗುರುತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವರು 'ಖಿನ್ನತೆ' ಎನ್ನುವುದನ್ನು ನಾನು ಕೇಳಿಲ್ಲ. 'ಯಾಕೋ ಎದೆ ಭಾರ' ಅನ್ನುತ್ತಾರೆ. 'ನಿದ್ದೆ ಹತ್ತಲ್ಲ', 'ಊಟ ಸೇರಲ್ಲ', 'ಜೀವ ಒಂಥರಾ ಆಯ್ತದೆ' ಅನ್ನುತ್ತಾರೆ. ಈ ಮಾತುಗಳನ್ನು ನಾಲಿಗೆಯ ಮೇಲಿಟ್ಟು ನೋಡಿ. ನಿದ್ದೆ ತಾನಾಗಿ ಬಂದು ಹತ್ತಬೇಕು, ಅನ್ನ ತಾನಾಗಿ ಒಳಗೆ ಸೇರಬೇಕು. ಅವು ಬಾರದಿದ್ದರೆ ತಪ್ಪು ಮನುಷ್ಯನದಲ್ಲ. ಎಷ್ಟು ಕರುಣೆ ಈ ಕ್ರಿಯಾಪದಗಳಲ್ಲಿ! ಆ್ಯಪಿನ ಮೊದಲ ಮೆಟ್ಟಿಲಿಗೆ ಇದಕ್ಕಿಂತ ನುಣುಪಾದ ಕಲ್ಲು ಸಿಗದು.

ಅಂಥ ಕಟ್ಟಡದ ಕೆಲಸ ನಮ್ಮಲ್ಲೇ ನಡೆದಿದೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಕೇಂದ್ರ ಸರ್ಕಾರದ ಟೆಲಿ ಮನಸ್ ಸೇವೆ ಶುರುವಾಯಿತು. ಅದರ ಮೇಲುಸ್ತುವಾರಿ ಬೆಂಗಳೂರಿನ ನಿಮ್ಹಾನ್ಸಿನದು, ತಂತ್ರಜ್ಞಾನದ ನೆರವು ಅಲ್ಲಿಯದೇ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯದು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕಾಸು ಬೇಡ, ಕನ್ನಡದಲ್ಲೇ ಮಾತಾಡಬಹುದು. ಮೊಬೈಲ್ ಆ್ಯಪ್ ಬಂದದ್ದು ಎರಡು ವರ್ಷದ ಮೇಲೆ, 2024ರ ಅದೇ ದಿನ. ಈ ಕ್ರಮ ನನಗೆ ಬಹಳ ಇಷ್ಟ: ಮೊದಲು ದನಿ, ಆಮೇಲೆ ತೆರೆ. ತಿ. ನರಸೀಪುರದ ಗದ್ದೆ ಬದುವಿನಲ್ಲಿ ನಿಂತವರ ಗುಂಡಿ ಒತ್ತುವ ಫೋನಿಗೂ ಐದು ಅಂಕಿ ಸಾಕು.

ಆ್ಯಪ್ ಕಟ್ಟುವವರು ಮನೆಗೊಂದೇ ಫೋನ್ ಇರುವುದನ್ನೂ ನೆನೆಯಬೇಕು. ಹಗಲೆಲ್ಲ ಮಕ್ಕಳ ಕೈಯಲ್ಲಿದ್ದು ರಾತ್ರಿ ತಾಯಿಯ ಕೈಸೇರುವ ಫೋನದು. ಅದರ ತೆರೆಯ ಮೇಲೆ ಅವಳ ಸಂಕಟದ ಹೆಸರು ಹೊತ್ತ ಸೂಚನೆ ಥಟ್ಟನೆ ಮೂಡಬಾರದು. ಸದ್ದಿಲ್ಲದೆ ಇರಬಲ್ಲ ಆ್ಯಪಿನ ಸೊಗಸೇ ಬೇರೆ.

ಇನ್ನು ಅಳೆಯುವ ಮಾತು. ಮಳೆಗಾಲದಲ್ಲಿ ನಂಜನಗೂಡಿನವರು ಕಪಿಲೆಯ ಏರಿಕೆ ತಿಳಿಯಲು ಹದಿನಾರು ಕಾಲಿನ ಮಂಟಪದ ಕಡೆ ನೋಡುತ್ತಾರೆ. ಕಂಬ ಎಷ್ಟು ಮುಳುಗಿದೆ ಎಂದು ಕಂಡರೆ ಸಾಕು, ಯಾವ ಸಾಮಾನು ಅಟ್ಟಕ್ಕೇರಿಸಬೇಕೆಂದು ಗೊತ್ತಾಗುತ್ತದೆ. ಮನಸ್ಸಿಗೂ ಇಂಥ ಕಂಬವಿದೆ. ಜಗತ್ತಿನಾದ್ಯಂತ ವೈದ್ಯರು ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿಯೊಂದು ಕಳೆದ ಎರಡು ವಾರದ ನಿದ್ದೆ, ಹಸಿವು, ಆಸಕ್ತಿ, ದಣಿವುಗಳನ್ನು ವಿಚಾರಿಸುತ್ತದೆ; ಒಂದೊಂದಕ್ಕೂ 0ಯಿಂದ 3, ಒಟ್ಟು 27. ಕೊನೆಯ ಪ್ರಶ್ನೆ ಸಾವಿನ ಯೋಚನೆಯದು. ಒಳ್ಳೆಯ ಆ್ಯಪ್ ಆ ಉತ್ತರವನ್ನು ಅಂಕಿಯಾಗಿ ಕೂಡಿಸಿಟ್ಟು ಸುಮ್ಮನಾಗದೆ, ಆ ಕ್ಷಣವೇ ಒಂದು ಮನುಷ್ಯ ದನಿಯನ್ನು ಹತ್ತಿರ ತರುತ್ತದೆ. ನೀರು ಕಂಬದ ತಲೆ ಮುಟ್ಟಿದಾಗ ಅಳತೆ ಓದುತ್ತ ಕೂರುವವರುಂಟೆ?

ನಂಜನಗೂಡು ದಾಟಿದ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಅಲ್ಲಿನ ದೇವರು ಗುಂಜಾ ನರಸಿಂಹಸ್ವಾಮಿ. ಗುಂಜೆ ಎಂದರೆ ಗುಲಗಂಜಿ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬ ನಂಬಿಕೆಯನ್ನು ನಾನು ಮತ್ತೆ ಮತ್ತೆ ಮೆಲುಕು ಹಾಕುತ್ತೇನೆ. ಅಕ್ಕಸಾಲಿಗನ ತಕ್ಕಡಿಯಲ್ಲಿ ಕೂರುವ ಕೆಂಪು ಕಾಳು, ಮುಳ್ಳನ್ನು ಈಚೆಗೆ ವಾಲಿಸಲು ಅಷ್ಟೇ ಸಾಕು. ಕುಗ್ಗಿದ ಮನಸ್ಸಿಗೆ ಬೆಟ್ಟದಂಥ ಉಪದೇಶ ಬೇಡ. ಇವತ್ತು ಬಾಗಿಲಾಚೆ ಹತ್ತು ಹೆಜ್ಜೆ, ಅಕ್ಕನಿಗೊಂದು ಫೋನು: ಗುಲಗಂಜಿ ತೂಕದಷ್ಟು.

ಸಂಗಮ ಇನ್ನೂ ಒಂದು ಪಾಠ ಹೇಳುತ್ತದೆ. ಕಪಿಲೆ ಇಲ್ಲಿ ತನ್ನ ನೀರನ್ನು ದೊಡ್ಡ ಹೊಳೆಗೆ ಒಪ್ಪಿಸುತ್ತಾಳೆ. ಟೆಲಿ ಮನಸ್‌ನಲ್ಲೂ ಮೊದಲು ಆಪ್ತಸಮಾಲೋಚಕರು, ಅಗತ್ಯವಿದ್ದರೆ ತಜ್ಞರು, ಆಮೇಲೆ ಹತ್ತಿರದ ಆಸ್ಪತ್ರೆ. ಮಂಗಳವಾರಗಳಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೆ ಕರೆತರುವ ರಾಜ್ಯದ ಮನೋಚೈತನ್ಯ ಯೋಜನೆಯದೂ ಇದೇ ದಾರಿ. ಬಳಸುವವರನ್ನು ತನ್ನಲ್ಲೇ ಕಟ್ಟಿಹಾಕದೆ ಮನುಷ್ಯರ ಕೈಗೆ ಒಪ್ಪಿಸುವ ಆ್ಯಪ್ ನನ್ನ ಕಣ್ಣಿಗೆ ಚೆಂದ.

ಮಳೆಗಾಲದ ಕೆಂಪು ನೀರಿನಲ್ಲಿ ಮುಂದಿನ ಮೆಟ್ಟಿಲು ಕಾಣುವುದಿಲ್ಲ. ಅಜ್ಜಿ ಪಕ್ಕದವಳ ಭುಜ ಹಿಡಿದು ಕಾಲಿನಿಂದ ತಡಕುತ್ತಾಳೆ. ಒಂದು ಕ್ಷಣ ಪಾದ ತೇಲಿದಂತಾಗುತ್ತದೆ. ಆಮೇಲೆ ಕಲ್ಲು ಸಿಗುತ್ತದೆ. ಎಂದೋ ಯಾರೋ ಅವಳಿಗಾಗಿಯೇ ಇಟ್ಟು ಹೋದ ಕಲ್ಲು.