ಮುಚ್ಚಳಿಕೆ ಬರೆದವನು ಬದಲಾಗುವುದು ಯಾವಾಗ?

ಗಣೇಶ ಹಬ್ಬ ಹತ್ತಿರ ಬಂದರೆ, ಚುನಾವಣೆ ಘೋಷಣೆಯಾದರೆ ನಮ್ಮ ಪೊಲೀಸ್ ಠಾಣೆಗಳ ಅಂಗಳದಲ್ಲಿ ರೌಡಿಶೀಟರ್‌ಗಳ ಪರೇಡ್ ನಡೆಯುತ್ತದೆ. ಪಟ್ಟಿಯಲ್ಲಿ ಹೆಸರಿರುವವರನ್ನು ಸಾಲಾಗಿ ನಿಲ್ಲಿಸಿ, ಗದರಿಸಿ, ಮುಚ್ಚಳಿಕೆ ಬರೆಸಿಕೊಂಡು ಕಳಿಸುತ್ತಾರೆ. ಮರುದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಓದುಗರಿಗೂ ಇದು ಹೊಸ ಸುದ್ದಿಯಲ್ಲ. ಅಪರಾಧದ ಹಾದಿ ಹಿಡಿದವರನ್ನು ಹಿಂದಕ್ಕೆ ಕರೆತರಲು ತಾಲ್ಲೂಕು ಮಟ್ಟದಲ್ಲಿ ಜನರ ಕಣ್ಣಿಗೆ ಕಾಣುವಂತೆ ನಡೆಯುವ ಕೆಲಸ ಹೆಚ್ಚು ಕಡಿಮೆ ಇದೊಂದೇ. ಇದರಿಂದ ಯಾರಾದರೂ ಬದಲಾಗುತ್ತಾರೆಯೇ ಎಂಬ ಪ್ರಶ್ನೆಯನ್ನು ನಾವು ಗಟ್ಟಿಯಾಗಿ ಕೇಳಿಕೊಂಡಿಲ್ಲ.

ಕೇಳಿಕೊಳ್ಳಲು ಈ ಸೀಮೆಗಿಂತ ತಕ್ಕ ಜಾಗ ಇನ್ನೊಂದಿಲ್ಲ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಒಂದು ಶಾಸನ ಕಂಡ. ಅಲ್ಲಿಯವರೆಗೆ ದೇವಾನಾಂಪ್ರಿಯ ಎಂಬ ಬಿರುದಿನಿಂದಷ್ಟೇ ಶಾಸನಗಳಲ್ಲಿ ಕಾಣಿಸುತ್ತಿದ್ದ ಅರಸ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಶಾಸನ ಅದು. ಶಾಲೆಯ ಪುಸ್ತಕಗಳು ಈ ಸಂಗತಿಗೇ ನಿಂತುಬಿಡುತ್ತವೆ. ಆ ಶಾಸನದ ತಿರುಳು ಹೆಸರಿನಾಚೆಗಿದೆ. ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಉನ್ನತಿಗೆ ಏರಬಲ್ಲ, ಅದು ದೊಡ್ಡವರಿಗೆ ಮಾತ್ರ ಎಂದು ಯಾರೂ ತಿಳಿಯಬಾರದು, ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ಮುಟ್ಟಿಸಬೇಕು ಎಂಬುದು ಅದರ ಆಶಯ. ಮನುಷ್ಯ ಬದಲಾಗಬಲ್ಲ ಎಂಬ ನಂಬಿಕೆಯನ್ನು ಒಂದು ರಾಜ್ಯ ತನ್ನ ನೀತಿಯಾಗಿ ಸಾರಿದ ಅತಿ ಹಳೆಯ ದಾಖಲೆಗಳಲ್ಲಿ ಒಂದು ನಮ್ಮ ಮಸ್ಕಿಯಲ್ಲಿದೆ.

ಆ ನಂಬಿಕೆ ಉಪದೇಶದಲ್ಲೇ ಮುಗಿಯಲಿಲ್ಲ. ಅಶೋಕನ ಐದನೆಯ ಬಂಡೆಗಲ್ಲು ಶಾಸನದ ಪ್ರಕಾರ ಧರ್ಮಮಹಾಮಾತ್ರರೆಂಬ ಅಧಿಕಾರಿಗಳ ಕೆಲಸಗಳಲ್ಲಿ ಸೆರೆಯಾಳುಗಳ ಯೋಗಕ್ಷೇಮವೂ ಒಂದು. ಮಕ್ಕಳ ಹೊಣೆ ಹೊತ್ತವರು, ವಯಸ್ಸಾದವರು ಯಾರೆಂದು ನೋಡಿ ಅವರ ಬಿಡುಗಡೆಗೆ ದುಡಿಯಬೇಕಿತ್ತು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಶಾಸನದಲ್ಲಿ ಅಧಿಕಾರಿಗಳಿಗೇ ಎಚ್ಚರಿಕೆಯಿದೆ: ಕಾರಣವಿಲ್ಲದೆ ಯಾರೂ ಸೆರೆ ಸೇರಬಾರದು, ಅಸೂಯೆ, ಸಿಟ್ಟು, ಕ್ರೌರ್ಯ, ಅವಸರ, ಸೋಮಾರಿತನ, ದಣಿವು ಇವು ನ್ಯಾಯ ಹೇಳುವವನಲ್ಲಿ ಇರಬಾರದು. ಇಲ್ಲಿ ಅಶೋಕ ತಿದ್ದಲು ಹೊರಟದ್ದು ತಪ್ಪು ಮಾಡಿದವನ ಜೊತೆಗೆ ತಪ್ಪನ್ನು ಅಳೆಯುವವನನ್ನೂ.

ಆದರೆ ಅವನನ್ನು ಹಾಡಿಹೊಗಳಿ ಮುಗಿಸುವಂತಿಲ್ಲ. ಅವನು ಮರಣದಂಡನೆಯನ್ನು ತೆಗೆದುಹಾಕಲಿಲ್ಲ. ಶಿಕ್ಷೆಗೆ ಗುರಿಯಾದವನಿಗೆ ಮೂರು ದಿನಗಳ ಗಡುವು ಕೊಟ್ಟ, ಅಷ್ಟೆ. ಕಾಡಿನ ಜನರಿಗೆ ಕ್ಷಮೆಯ ಮಾತು ಹೇಳುತ್ತಲೇ ತನ್ನ ಬಲವನ್ನೂ ನೆನಪಿಸಿದ. ಇಷ್ಟಾದರೂ ಅವನ ಶಾಸನಗಳು ಒಂದು ಅಳತೆಗೋಲು ಕೊಡುತ್ತವೆ. ತಪ್ಪಿತಸ್ಥ ಬದಲಾಗಬೇಕೆಂದು ಬಯಸುವ ರಾಜ್ಯ ಅದಕ್ಕಾಗಿ ತಾನೇನು ಮಾಡಿತು? ಈ ಪ್ರಶ್ನೆಯಿಂದ ಇಂದಿನ ನಮ್ಮ ಪದ್ಧತಿಗಳನ್ನು ಪರೀಕ್ಷಿಸೋಣ.

ಮೊದಲು ಮುಚ್ಚಳಿಕೆ. ಶಾಂತಿಭಂಗ ಮಾಡುವ ಸಂಶಯವಿದ್ದವರಿಂದ, ಪದೇ ಪದೇ ಅಪರಾಧ ಮಾಡುವವರಿಂದ ಬಾಂಡ್ ಬರೆಸಿಕೊಳ್ಳುವ ಅಧಿಕಾರ ತಾಲ್ಲೂಕು ದಂಡಾಧಿಕಾರಿಯಾದ ತಹಶೀಲ್ದಾರರಿಗಿದೆ. ಇವುಗಳಲ್ಲಿ ಶಾಂತಿಭಂಗದ ಕೇಸನ್ನು ಜನ ಇಂದಿಗೂ ಹಳೆಯ ಸೆಕ್ಷನ್‌ನ ಸಂಖ್ಯೆಯಿಂದ ‘ನೂರೇಳು ಕೇಸು’ ಎನ್ನುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 126ನೇ ಸೆಕ್ಷನ್ ಆಗಿದೆ. ಗಲಭೆಯನ್ನು ತಾತ್ಕಾಲಿಕವಾಗಿ ತಡೆಯಲು ಇದರಿಂದ ಉಪಯೋಗವಿದೆ, ಅಲ್ಲಗಳೆಯಲಾರೆ. ಆದರೆ ಮುಚ್ಚಳಿಕೆ ಬರೆದವನಿಂದ ರಾಜ್ಯ ಮಾತು ಪಡೆಯುತ್ತದೆ, ಅವನಿಗೆ ಯಾವ ಮಾತನ್ನೂ ಕೊಡುವುದಿಲ್ಲ. ದಿನಗೂಲಿ ಬಿಟ್ಟು ಕಚೇರಿಗೆ ಅಲೆದು, ಜಾಮೀನುದಾರನನ್ನು ಹುಡುಕಿ, ಸಹಿ ಹಾಕಿ ಹೊರಬಂದವನ ಬದುಕಿನಲ್ಲಿ ಸಹಿಯ ಹೊರತು ಏನೂ ಬದಲಾಗಿರುವುದಿಲ್ಲ. ಪರೇಡ್ ಇನ್ನೂ ಒಂದು ಹೆಜ್ಜೆ ಮುಂದೆ. ಹತ್ತು ವರ್ಷದ ಹಿಂದಿನ ಜಗಳಕ್ಕೆ ಪಟ್ಟಿ ಸೇರಿದವನೂ ಇವತ್ತು ಮಚ್ಚು ಹಿಡಿದವನೂ ಒಂದೇ ಸಾಲಿನಲ್ಲಿ ನಿಲ್ಲುವಾಗ, ನಡುವಿನ ಹತ್ತು ವರ್ಷ ನೆಟ್ಟಗೆ ಬಾಳಿದ್ದಕ್ಕೆ ಬೆಲೆಯಿಲ್ಲ ಎಂದೇ ಠಾಣೆ ಸಾರಿದಂತಾಗುತ್ತದೆ.

ಎರಡನೆಯದು ಗಡಿಪಾರು. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 55ನೇ ಸೆಕ್ಷನ್ ಇದಕ್ಕೆ ದಾರಿ ಮಾಡಿಕೊಟ್ಟಿದೆ. ಒಂದು ಜಿಲ್ಲೆಗೆ ಬೇಡವಾದವನನ್ನು ಇನ್ನೊಂದು ಜಿಲ್ಲೆಗೆ ಕಳಿಸುವುದು ಇದರ ಸಾರಾಂಶ. ಸಾಕ್ಷಿಗಳನ್ನು ಹೆದರಿಸುವವನನ್ನು ಕೆಲಕಾಲ ದೂರವಿಡಬೇಕಾದ ಸಂದರ್ಭ ಇರಬಹುದು. ಆದರೆ ಸುಧಾರಣೆಯ ದೃಷ್ಟಿಯಿಂದ ಇದು ತೀರಾ ಕೆಟ್ಟ ಪದ್ಧತಿ. ಹೆಂಡತಿ ಮಕ್ಕಳು, ಅಪ್ಪ ಅವ್ವ, ಗೊತ್ತಿರುವ ಕೆಲಸ ಇವು ಮನುಷ್ಯನನ್ನು ಹದ್ದಿನಲ್ಲಿಡುತ್ತವೆ. ಗಡಿಪಾರು ಮೊದಲು ಕಡಿಯುವುದೇ ಈ ನಂಟುಗಳನ್ನು. ಪರಸ್ಥಳದಲ್ಲಿ ಅವನಿಗೆ ಬೇಗ ಸಿಗುವ ಗೆಳೆಯರು ಎಂಥವರು ಎಂದು ಊಹಿಸುವುದು ಕಷ್ಟವಲ್ಲ.

ಈ ಎರಡೂ ಪದ್ಧತಿಗಳ ಹಿಂದೆ ಒಂದು ಹಳೆಯ ಮನಸ್ಸು ಕೆಲಸ ಮಾಡುತ್ತಿದೆ. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟು ಕಳ್ಳರೆಂದು ಬರೆದಿಟ್ಟಿತು. ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿ ಹರಣಶಿಕಾರಿ, ಗಂಟಿಚೋರ, ಕೊರವರಂಥ ಜನರನ್ನು ವಿಜಯಪುರ, ಹುಬ್ಬಳ್ಳಿ, ಗದಗಗಳ ಸೆಟ್ಲಮೆಂಟ್‌ಗಳಲ್ಲಿ ತಂತಿ ಬೇಲಿಯೊಳಗೆ ಇಟ್ಟರು. ಅಲ್ಲಿ ಶಾಲೆಯಿತ್ತು, ಕೆಲಸವಿತ್ತು. ಆದರೆ ಹಾಜರಿ ಹಾಕಬೇಕು, ಹೊರಗೆ ಹೋಗಲು ಪರವಾನಗಿ ಬೇಕು, ಮನೆಯಲ್ಲಿ ಹುಟ್ಟಿದ ಕೂಸಿಗೂ ಅದೇ ಹಣೆಪಟ್ಟಿ. ಸುಧಾರಣೆಯ ಹೆಸರಿನಲ್ಲಿ ನಡೆದ ಆ ಪ್ರಯೋಗ ಸೋತದ್ದು ಕೆಲಸದ ಕೊರತೆಯಿಂದಲ್ಲ, ಹಣೆಪಟ್ಟಿಯನ್ನು ಕಳಚದೆ ಹೋದದ್ದರಿಂದ. 1952ರಲ್ಲಿ ಕಾಯ್ದೆ ರದ್ದಾಯಿತು, ಅನುಮಾನ ರದ್ದಾಗಲಿಲ್ಲ. ಜೈಲು ಕೈಪಿಡಿಗಳಲ್ಲಿ ಈ ವಿಮುಕ್ತ ಬುಡಕಟ್ಟುಗಳನ್ನು ಕುರಿತ ಅವಮಾನದ ಸಾಲುಗಳನ್ನು ಅಳಿಸಿ ಎಂದು ಸುಪ್ರೀಂ ಕೋರ್ಟ್ ಸುಕನ್ಯಾ ಶಾಂತಾ ಪ್ರಕರಣದಲ್ಲಿ ಹೇಳಬೇಕಾಗಿ ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಜಾತಿ, ಬಡತನ ನೋಡಿ ಠಾಣೆಗಳಲ್ಲಿ ಹಿಸ್ಟರಿ ಶೀಟ್ ತೆರೆಯಬಾರದೆಂಬ ಎಚ್ಚರಿಕೆಯೂ ಅದೇ ವರ್ಷದ ಮೇ ತಿಂಗಳಲ್ಲಿ ಅದೇ ನ್ಯಾಯಾಲಯದಿಂದ ಬಂತು.

ಹಾಗಾದರೆ ಒಳ್ಳೆಯ ದಾರಿ ನಮ್ಮಲ್ಲಿ ಇಲ್ಲವೇ? ಇದೆ, ಅರುವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದೆ. ಅದೇ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, ಜನರ ಬಾಯಲ್ಲಿ ಪ್ರೊಬೇಷನ್. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗದ ಅಪರಾಧಗಳಲ್ಲಿ, ತಪ್ಪಿತಸ್ಥನ ನಡತೆ, ಹಿನ್ನೆಲೆ ನೋಡಿ, ಜೈಲಿಗೆ ಕಳಿಸದೆ ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಮನೆಗೆ ಬಿಡಲು ನ್ಯಾಯಾಧೀಶರಿಗೆ ಇದು ಅವಕಾಶ ಕೊಡುತ್ತದೆ. 21 ವರ್ಷದೊಳಗಿನವರಾದರೆ ಜೈಲಿಗೆ ಕಳಿಸುವ ನ್ಯಾಯಾಧೀಶರೇ ಅದಕ್ಕೆ ಕಾರಣ ಬರೆಯಬೇಕು. ಐದನೇ ಸೆಕ್ಷನ್ ಪ್ರಕಾರ ನೊಂದವರಿಗೆ ಪರಿಹಾರ ಕೊಡಿಸಬಹುದು. ಹನ್ನೆರಡನೇ ಸೆಕ್ಷನ್ ಇನ್ನೂ ಮುಖ್ಯ: ಹೀಗೆ ಬಿಡುಗಡೆಯಾದವನಿಗೆ ಅಪರಾಧ ಸಾಬೀತಾದ ಕಾರಣಕ್ಕೆ ಅಂಟುವ ಅನರ್ಹತೆ ಅಂಟುವುದಿಲ್ಲ. ಮುಚ್ಚಳಿಕೆಯಲ್ಲಿ ಕಾಣದ ಗುಣ ಇಲ್ಲಿದೆ. ತಪ್ಪಿತಸ್ಥ ಮಾತು ಕೊಡುತ್ತಾನೆ, ರಾಜ್ಯವೂ ತನ್ನ ಮಾತು ಕೊಡುತ್ತದೆ. ನನ್ನ ಮಟ್ಟಿಗೆ ನಮ್ಮ ದಂಡಸಂಹಿತೆಯ ಬಳಗದಲ್ಲೇ ಇದರಷ್ಟು ಮಾನವೀಯ ಕಾಯ್ದೆ ಇನ್ನೊಂದಿಲ್ಲ.

ಕೊರತೆಯಿರುವುದು ಬಳಕೆಯಲ್ಲಿ. ಕಾಯ್ದೆಯ ಜೀವ ಇರುವುದು ಪರಿವೀಕ್ಷಣಾಧಿಕಾರಿಯಲ್ಲಿ. ಅವರು ಹುಡುಗನ ಮನೆಗೆ ಹೋಗಬೇಕು, ಓಣಿಯವರನ್ನು ಮಾತಾಡಿಸಬೇಕು, ಕುಡಿತವೋ ಇಸ್ಪೀಟೋ ಸಾಲವೋ ಅವನನ್ನು ಎಳೆದದ್ದು ಯಾವುದೆಂದು ತಿಳಿದು ವರದಿ ಬರೆಯಬೇಕು, ಆಮೇಲೂ ಕಣ್ಣಿಟ್ಟಿರಬೇಕು. ಜಿಲ್ಲಾ ಕೇಂದ್ರದಲ್ಲಿ ಕೂತ ಅಧಿಕಾರಿ ರಾಯಚೂರಿನಿಂದ ಮುದಗಲ್ಲಿನ ಹಳ್ಳಿಯವರೆಗೆ ಈ ಕೆಲಸ ಮಾಡುವುದು ಹೇಗೆ? ವರದಿ ತಡವಾದರೆ, ತೆಳುವಾದರೆ ನ್ಯಾಯಾಧೀಶರ ಮುಂದೆ ಉಳಿಯುವುದು ಎರಡೇ ದಾರಿ: ದಂಡ ಅಥವಾ ಜೈಲು. ದೇಶದ ಜೈಲುಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಭಾಗ ಇರುವವರು ಇನ್ನೂ ಶಿಕ್ಷೆಯಾಗದ ವಿಚಾರಣಾಧೀನ ಬಂಧಿಗಳು. ಹಿಂದೆಂದೂ ಶಿಕ್ಷೆಯಾಗದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡಬೇಕೆಂದು ಹೊಸ ಸಂಹಿತೆಯ 479ನೇ ಸೆಕ್ಷನ್ ಹೇಳುತ್ತದೆ. ಒಳ್ಳೆಯ ಹೆಜ್ಜೆ. ಆದರೆ ಆ ಹೊತ್ತಿಗೆ ಕೂಲಿ ಹೋಗಿರುತ್ತದೆ, ಸಾಲ ಬೆಳೆದಿರುತ್ತದೆ.

ಹೊಸ ಭಾರತೀಯ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನು ಶಿಕ್ಷೆಯ ಪಟ್ಟಿಗೆ ಸೇರಿಸಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು, ಮೊದಲ ಸಲ ಸಿಕ್ಕಿಬಿದ್ದು, ಅದನ್ನು ಮರಳಿಸಿದವನಿಗೆ ಜೈಲಿನ ಬದಲು ಈ ಶಿಕ್ಷೆ. ಕುಡಿದು ಬೀದಿಯಲ್ಲಿ ಗದ್ದಲ ಮಾಡಿದವನಿಗೂ ವಿಧಿಸಬಹುದು. ಜನರಿಗೆ ಉಪಯೋಗವಾಗುವ, ಕೂಲಿಯಿಲ್ಲದ ಕೆಲಸ ಎಂಬಷ್ಟನ್ನೇ ಕಾನೂನು ಹೇಳುತ್ತದೆ. ಯಾವ ಕೆಲಸ, ಯಾರ ಉಸ್ತುವಾರಿ ಎಂಬುದನ್ನು ಬಿಡಿಸಿ ಹೇಳುವುದಿಲ್ಲ. ಇಲ್ಲೇ ಅಪಾಯ. ಬಸ್ ನಿಲ್ದಾಣದಲ್ಲಿ ಕಸಬರಿಗೆ ಕೊಟ್ಟು ಮೊಬೈಲ್‌ಗಳ ಮುಂದೆ ನಿಲ್ಲಿಸಿದರೆ ಅದು ಪರೇಡಿನ ಇನ್ನೊಂದು ರೂಪವಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗಳಿಗೆ ನೆರವಾಗುವ, ಶಾಲೆಯ ಕಾಂಪೌಂಡ್ ಕಟ್ಟುವ, ಗ್ರಂಥಾಲಯ ಒಪ್ಪಮಾಡುವ ಕೆಲಸ ಕೊಟ್ಟರೆ ಅದೇ ಶಿಕ್ಷೆ ಅವನಿಗೆ ಊರಿನಲ್ಲಿ ಹೊಸ ಗುರುತು ಕೊಡಬಲ್ಲದು.

ಗುರುತು ಬದಲಾಗುವುದೆಂದರೇನು ಎಂಬುದನ್ನು ಕರ್ನಾಟಕದ ಜೈಲು ರಂಗಭೂಮಿ ತೋರಿಸಿಕೊಟ್ಟಿದೆ. ಮೈಸೂರು ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ 1990ರ ದಶಕದ ಕೊನೆಗೆ ಬಳ್ಳಾರಿ ಜೈಲಿನಲ್ಲಿ ಕೈದಿಗಳಿಂದ ನಾಟಕ ಆಡಿಸತೊಡಗಿದರು. ಮುಂದೆ ‘ಸಂಕಲ್ಪ’ದ ಹೆಸರಿನಲ್ಲಿ ಇತರ ಕೇಂದ್ರ ಕಾರಾಗೃಹಗಳಿಗೂ ಅದು ಹಬ್ಬಿತು. ಕಾರ್ನಾಡರ ‘ತಲೆದಂಡ’, ಎಚ್.ಎಸ್. ಶಿವಪ್ರಕಾಶರು ಮ್ಯಾಕ್‌ಬೆತ್‌ನಿಂದ ರೂಪಿಸಿದ ‘ಮಾರನಾಯಕ’, ಜಯಂತ ಕಾಯ್ಕಿಣಿಯವರ ‘ಜೊತೆಗಿರುವನು ಚಂದಿರ’ ಇವನ್ನೆಲ್ಲ ಕೈದಿಗಳು ಜೈಲಿನ ಗೋಡೆಯಾಚೆ ಜನರ ಮುಂದೆ ಆಡಿದರು. ಕೊಲೆಯ ಶಿಕ್ಷೆ ಅನುಭವಿಸುತ್ತಿರುವವನು ಅಧಿಕಾರಕ್ಕಾಗಿ ಕೊಂದವನ ತಳಮಳವನ್ನು ರಂಗದ ಮೇಲೆ ಆಡಿ ತೋರಿಸುವಾಗ ಅವನು ಯಾವ ಉಪದೇಶವೂ ಕಲಿಸದ್ದನ್ನು ಕಲಿಯುತ್ತಾನೆ. ಅಷ್ಟೇ ಮುಖ್ಯವಾದದ್ದು ಪ್ರೇಕ್ಷಕನ ಪಾಲು: ಕೈದಿಯನ್ನು ಅವನು ಕಲಾವಿದನೆಂದು ಒಪ್ಪುತ್ತಾನೆ. ಈ ಪ್ರಯೋಗಕ್ಕೂ ಮಿತಿಯಿದೆ. ದೀರ್ಘ ಶಿಕ್ಷೆಯವರಿರುವ ದೊಡ್ಡ ಜೈಲುಗಳಲ್ಲಿ ಮಾತ್ರ ಇದು ಬೇರೂರಬಲ್ಲದು, ಬಿಡುಗಡೆಯಾದ ದಿನ ತಂಡ ಹಿಂದೆ ಉಳಿಯುತ್ತದೆ. ಮೂರು ತಿಂಗಳು ಒಳಗಿದ್ದು ಸಿಂಧನೂರಿಗೆ ಮರಳುವ ಹುಡುಗನಿಗೆ ಇದು ತಲುಪುವುದೇ ಇಲ್ಲ.

ನೊಂದವರ ಮಾತೇನು ಎಂದು ಕೇಳುವವರಿದ್ದಾರೆ. ಕೇಳಲೇಬೇಕು. ಮನೆ ಕಳವಾದವಳ, ಹೊಡೆತ ತಿಂದವನ ನೋವನ್ನು ಬದಿಗೊತ್ತಿ ತಪ್ಪಿತಸ್ಥನ ಮೇಲೆ ಮರುಕ ತೋರಿಸುವುದು ನ್ಯಾಯವಲ್ಲ. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದಂಥ ಅಪರಾಧಗಳಲ್ಲಿ ರಾಜಿಯ ಮಾತೂ ಸಲ್ಲದು. ಆದರೆ ನೊಂದವರಿಗೂ ಬೇಕಾದದ್ದು ಕಳೆದುಕೊಂಡದ್ದರ ಪರಿಹಾರ ಮತ್ತು ಇದು ಮರುಕಳಿಸದೆಂಬ ಭರವಸೆ. ಇವೆರಡನ್ನೂ ಪರೇಡ್ ಕೊಡಲಾರದು.

ಈ ನೆಲಕ್ಕೆ ಪುನರ್ವಸತಿಯ ಕೆಲಸ ಹೊಸದಲ್ಲ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳನ್ನು ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ಗಳಲ್ಲಿ ಜಮೀನು, ಮನೆ ಕೊಟ್ಟು ನೆಲೆಗೊಳಿಸಿದ್ದು ಇಲ್ಲೇ. ಬೇರು ಕಿತ್ತುಬಂದವರು ಹೊಸ ನೆಲದಲ್ಲಿ ಊರಬೇಕಾದರೆ ಕಾಲೂರಲು ಜಾಗ, ಕೈಗೆ ಕೆಲಸ ಬೇಕೆಂಬುದನ್ನು ತುಂಗಭದ್ರಾ ಎಡದಂಡೆಯ ಈ ಸೀಮೆ ಕಣ್ಣಾರೆ ಕಂಡಿದೆ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಊರು. ಕಾಯಕಕ್ಕೆ ಮನುಷ್ಯನ ಮಾನ ತಂದುಕೊಟ್ಟವರು ಅವರು. ಕನ್ನ ಕೊರೆಯುತ್ತಿದ್ದ ಮಾರಿತಂದೆಯನ್ನು ಶರಣರು ತಮ್ಮವನೆಂದು ಅಪ್ಪಿಕೊಂಡರು, ಅವನ ವಚನಗಳು ಇಂದಿಗೂ ಉಳಿದಿವೆ. ನಂಬಿಕೆಗೆ ನಮ್ಮಲ್ಲಿ ಬರವಿಲ್ಲ, ಬರವಿರುವುದು ವ್ಯವಸ್ಥೆಗೆ.

ಆದ್ದರಿಂದ ನನ್ನ ತೀರ್ಮಾನ ಹೀಗಿದೆ. ಮುಚ್ಚಳಿಕೆ ಮತ್ತು ಗಡಿಪಾರು ಅಪರಾಧವನ್ನು ಮುಂದೂಡುತ್ತವೆ, ಅಪರಾಧಿಯನ್ನು ತಿದ್ದುವುದಿಲ್ಲ. ಪ್ರೊಬೇಷನ್ ತಿದ್ದಬಲ್ಲದು, ಆದರೆ ತಾಲ್ಲೂಕಿಗೆ ಅದು ಇನ್ನೂ ಬಂದಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿಗೆ ತಲಾ ಒಬ್ಬ ಪೂರ್ಣಾವಧಿ ಪರಿವೀಕ್ಷಣಾಧಿಕಾರಿ ಬೇಕು. ವರ್ಷಗಟ್ಟಲೆ ಯಾವ ಪ್ರಕರಣವೂ ಇಲ್ಲದವರ ಹೆಸರನ್ನು ರೌಡಿಪಟ್ಟಿಯಿಂದ ತೆಗೆಯುವ ಕೆಲಸ ಪ್ರತಿ ವರ್ಷ ತಪ್ಪದೆ ನಡೆಯಬೇಕು, ಪರೇಡಿನಷ್ಟೇ ದೊಡ್ಡದಾಗಿ ಅದು ಸುದ್ದಿಯಾಗಬೇಕು. ಸಮುದಾಯ ಸೇವೆಗೆ ತಕ್ಕ ಕೆಲಸಗಳ ಪಟ್ಟಿಯನ್ನು ನಗರಸಭೆ, ಪುರಸಭೆಗಳು ನ್ಯಾಯಾಲಯಕ್ಕೆ ಮೊದಲೇ ಕೊಡಬೇಕು. ಹೊರಬಂದವನಿಗೆ ಉದ್ಯೋಗ ಖಾತರಿಯ ಜಾಬ್ ಕಾರ್ಡ್ ಮೊದಲ ವಾರದಲ್ಲೇ ಸಿಗಬೇಕು. ಇಲ್ಲದಿದ್ದರೆ ಅವನಿಗೆ ಉಳಿಯುವುದು ಬೆಂಗಳೂರಿಗೆ ಗುಳೆ ಅಥವಾ ಹಳೆಯ ಸಹವಾಸ.

ಉಳಿದದ್ದು ನಮ್ಮ ಪಾಲು. ಅಕ್ಕಿ ಗಿರಣಿಯ ಮಾಲೀಕರೇ, ಗುತ್ತಿಗೆದಾರರೇ, ಲಾರಿ ಇಟ್ಟವರೇ, ಜೈಲಿನಿಂದ ಬಂದ ಹುಡುಗ ಹಮಾಲಿ ಕೆಲಸ ಕೇಳಿ ಬಾಗಿಲಿಗೆ ಬಂದರೆ ನಡತೆ ಪ್ರಮಾಣಪತ್ರ ತಾ ಎನ್ನುವ ಮೊದಲು ಒಂದು ತಿಂಗಳ ಕೆಲಸ ಕೊಟ್ಟು ನೋಡಿ. ಅವನ ನಡತೆಗೆ ಅದಕ್ಕಿಂತ ಒಳ್ಳೆಯ ಪ್ರಮಾಣಪತ್ರವನ್ನು ಯಾವ ಠಾಣೆಯೂ ಕೊಡಲಾರದು.